ನಳದ ನೀರಿಗೆ ಗಟಾರ ಸೇರುವುದೆಲ್ಲಿ?

ಪ್ರಶ್ನೆ: ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಮೊದಲ ಎರಡು ಮೂರು ಕೊಡ ಕರ್ರಗೆ ಬಂದು ಗಟಾರದ ವಾಸನೆ ಹೊಡೆಯುತ್ತದೆ, ಆಮೇಲೆ ತಿಳಿಯಾಗುತ್ತದೆ. ಭೀಮಾ ನದಿಯ ನೀರೇ ಕೆಟ್ಟಿದೆಯೇ?
– ಗೃಹಿಣಿ, ಅಫಜಲಪುರ

ಉತ್ತರ: ನದಿ ಕೆಟ್ಟಿದ್ದರೆ ಕೊನೆಯ ಕೊಡವೂ ಹಾಗೇ ಬರುತ್ತಿತ್ತು. ನಿಮ್ಮ ನೀರು ಕೆಡುತ್ತಿರುವುದು ಟಾಕಿಗೂ ಮನೆಗೂ ನಡುವೆ. ವಾಲ್ವ್ ಬಂದ್ ಮಾಡಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಮನೆಗಳತ್ತ ಇಳಿಯುತ್ತದೆ. ಖಾಲಿಯಾಗುತ್ತಿರುವ ಪೈಪು ಸುತ್ತಲಿನ ಹಸಿಯನ್ನು ಒಳಗೆಳೆದುಕೊಳ್ಳುತ್ತದೆ. ಸಡಿಲಾದ ಜೋಡಣೆಯ ಪಕ್ಕ ಗಟಾರವಿದ್ದರೆ ಒಳಗೆ ಬರುವುದು ಅದೇ.

ನಮ್ಮ ಊರುಗಳಲ್ಲಿ ಹೊಲಸಿಗೆ ಇನ್ನೂ ದೊಡ್ಡ ದಾರಿಯೆಂದರೆ ಮನೆ ಮುಂದಿನ ಗುಂಡಿ. ನೀರು ಜೋರಾಗಿ ಬರುವುದಿಲ್ಲವೆಂದು ನೆಲ ಅಗೆದು ನಳವನ್ನು ತಳಕ್ಕಿಳಿಸಿರುತ್ತಾರೆ. ಬಹಳ ಕಡೆ ಅದಕ್ಕೆ ತಿರುವೂ ಇರುವುದಿಲ್ಲ. ಪಾತ್ರೆ ತೊಳೆದದ್ದು, ಮಳೆಯದ್ದು ಎಲ್ಲ ಅಲ್ಲಿ ನಿಂತು ಪೈಪಿನ ಬಾಯಿ ಮುಳುಗುತ್ತದೆ. ಸರಬರಾಜು ನಿಂತ ಕೂಡಲೇ ಆ ನೀರು ಪೈಪಿನೊಳಕ್ಕೆ ಹಿಂದಿರುಗುತ್ತದೆ. ಒಂದು ಮನೆಯ ಗುಂಡಿ ಇಡೀ ಓಣಿಯ ಕೊಡಕ್ಕೆ ಬರುವುದು ಹೀಗೆ. ಅದಕ್ಕೇ ಒಬ್ಬರು ಸರಿಪಡಿಸಿಕೊಂಡರೆ ಸಾಲದು, ಓಣಿಯವರೆಲ್ಲ ಸೇರಿ ನಳಗಳನ್ನು ನೆಲದಿಂದ ಮೇಲೇರಿಸಿ, ತಿರುವು ಹಾಕಿಸಿ, ಗುಂಡಿ ಮುಚ್ಚಿಸಬೇಕು.

ಪುರಸಭೆಗೆ ಅರ್ಜಿ ಕೊಡುವಾಗ ಯಾವ ಮನೆಯಿಂದ ಯಾವ ಮನೆಯವರೆಗೆ ಕೆಟ್ಟ ನೀರು ಬರುತ್ತದೆಂದು ಬರೆಯಿರಿ; ಎಲ್ಲಿ ಅಗೆಯಬೇಕೆಂಬುದು ಅದರಿಂದಲೇ ತಿಳಿಯುತ್ತದೆ. ಅಲ್ಲಿಯವರೆಗೆ ಮೊದಲ ಕೊಡಗಳನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ತಿಳಿಯಾಗಿ ಬಂದದ್ದನ್ನೂ ಕುದಿಸಿಯೇ ಕುಡಿಯಿರಿ. ರೋಗಾಣು ಕಣ್ಣಿಗೆ ಕಾಣುವುದಿಲ್ಲ.

ಪ್ರಶ್ನೆ: ನಳ ಬಾರದ ದಿನ ಬೋರಿನ ಸವುಳು ನೀರೇ ಗತಿ. ಕುದಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಕುಡಿಯಬಹುದೇ?
– ಅಂಗಡಿಕಾರರು, ಆಳಂದ

ಉತ್ತರ: ಬಿಳಿ ಪದರ ಸುಣ್ಣದ ಅಂಶ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಫ್ಲೋರೈಡ್ ಮತ್ತು ನೈಟ್ರೇಟಿಗೆ. ಕುದಿಸಿದರೆ ಇವು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ಒಂದು ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಪರೀಕ್ಷೆ ಮಾಡಿಸದೆ ಆ ನೀರನ್ನು ಕುಡಿಯಬೇಡಿ, ಕೂಸುಗಳಿಗಂತೂ ಕೊಡಲೇಬೇಡಿ. ಬೋರಿನ ಪೈಪನ್ನು ನಳದ ಪೈಪಿಗೆ ಜೋಡಿಸಿದ್ದರೆ ಇಂದೇ ಬಿಡಿಸಿ.

ಪ್ರಶ್ನೆ: ಪಕ್ಕದವರು ನಳಕ್ಕೇ ಮೋಟರ್ ಹಚ್ಚುತ್ತಾರೆ, ನಮಗೆ ನೀರು ಬರುವುದಿಲ್ಲ. ನಾವೂ ಹಚ್ಚಬೇಕೇ? ಬಂದ ನೀರಿಗೂ ಬ್ಲೀಚಿಂಗ್ ವಾಸನೆ.
– ನಿವೃತ್ತ ಶಿಕ್ಷಕರು, ಜೇವರ್ಗಿ

ಉತ್ತರ: ಹಚ್ಚಬೇಡಿ ಗುರುಗಳೇ. ಮೋಟರ್ ನೀರಿನ ಜೊತೆಗೆ ಬಿರುಕಿನಾಚೆಯ ಹೊಲಸನ್ನೂ ಎಳೆಯುತ್ತದೆ. ನೀರು ತಾನಾಗಿ ಸಂಪಿಗೆ ಬೀಳಲಿ, ಅಲ್ಲಿಂದ ಮೋಟರ್ ಮೇಲಕ್ಕೆತ್ತಲಿ. ಪಕ್ಕದವರಿಗೂ ಇದನ್ನೇ ಹೇಳಿ, ಕೆಟ್ಟ ನೀರು ಅವರ ಮನೆಗೂ ಬರುತ್ತದೆ.

ಬ್ಲೀಚಿಂಗ್ ವಾಸನೆ ಹದವಾಗಿದ್ದರೆ ಒಳ್ಳೆಯ ಲಕ್ಷಣ. ನಳದಲ್ಲಿ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಾಯಿ ಬಿಚ್ಚಿಟ್ಟ ಬ್ಲೀಚಿಂಗ್ ಪುಡಿಯ ಚೀಲ ನಮ್ಮ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಪುಡಿ ಹಾಕಿದ್ದೇವೆಂಬ ಮಾತಷ್ಟೇ ಸಾಲದು. 2022ರಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನಾವು ಮರೆಯಬಾರದು. ಕ್ಲೋರಿನ್ ಪರೀಕ್ಷೆಯನ್ನು ಟಾಕಿಯ ಹತ್ತಿರ ಮಾತ್ರವಲ್ಲ, ಓಣಿಯ ಕೊನೆಯ ಮನೆಯ ನಳದಲ್ಲೂ ಮಾಡಿ ತೋರಿಸಿರೆಂದು ನಿಮ್ಮ ಪುರಸಭೆಯನ್ನು ಕೇಳಿ.