ಮಕ್ಕಳೊಂದಿಗೆ ಕಾಡುಕೆರೆಗೆ: ಯಾವಾಗ, ಹೇಗೆ?

ಪ್ರಶ್ನೆ: ಬೇಸಿಗೆ ರಜೆಗೆ ಹುಲೇಕಲ್‌ನ ಅಜ್ಜನ ಮನೆಗೆ ಹೋಗುತ್ತೇವೆ. ಮಕ್ಕಳನ್ನು ಕರೆದುಕೊಂಡು ಒಂದು ದಿನ ಕಾಡಿನ ಕೆರೆಗೆ ನಡೆದು ಬರಬಹುದೇ?

ಉತ್ತರ: ಹೋಗಿ ಬನ್ನಿ, ಆದರೆ ಸಾಧ್ಯವಾದರೆ ದಸರಾ ರಜೆಗೆ ಮುಂದೂಡಿ. ಹತ್ತಿರದ ಸೋಂದಾ ಬಳಿಯ ಮುಂಡಿಗೆಕೆರೆಯಲ್ಲಿ ನೀರಿನಲ್ಲೇ ಮುಂಡಿಗೆ ಪೊದೆಗಳಿವೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಅವುಗಳ ಮೇಲೆ ಗೂಡು ಕಟ್ಟುತ್ತವೆ. ಬೇಸಿಗೆಯಲ್ಲಿ ಆ ಸಂತೆ ಇರುವುದಿಲ್ಲ.

ಇನ್ನೊಂದು ಕಾರಣ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಉಣುಗಿನ ಕಡಿತದಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಇದರ ಕಾಟ ಹೆಚ್ಚು. ಬೇಸಿಗೆಯಲ್ಲೇ ಹೋಗುವುದಾದರೆ ಮೊದಲು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮೈತುಂಬ ಬಟ್ಟೆ ಹಾಕಿ, ದರಕಿನ ಮೇಲೆ ಕೂರಬೇಡಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿಸಿ, ಮಕ್ಕಳ ಮೈ ಪರೀಕ್ಷಿಸಿ. ಮಂಗ ಸತ್ತುಬಿದ್ದಿದ್ದರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಿ.

ದಸರಾ ಹೊತ್ತಿಗೆ ಉಂಬಳ ಇರುತ್ತದೆ; ಉಪ್ಪು, ಸುಣ್ಣ ಜೊತೆಗಿರಲಿ, ಅಷ್ಟೇ. ದಂಡೆಯಲ್ಲಿ ಗದ್ದಲ ಬೇಡ, ಮಕ್ಕಳನ್ನು ನೀರಿಗಿಳಿಸಬೇಡಿ. ನಡಿಗೆಯ ನಂತರ ವಾರದೊಳಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.