ಬೇಸಗೆಯ ಬೆಂಕಿಯಿಂದ ಕಾವಲು ಮತ್ತು ಬಣವೆಗಳ ರಕ್ಷಣೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತ್ಯಲ್ಪ ಮಳೆ ಬೀಳುವ ಸೀಮೆಗೆ ಸೇರಿದುವು. ಮಾಘಮಾಸವು ಕಳೆಯುವಷ್ಟರಲ್ಲಿ ಕಾವಲಿನ ಹುಲ್ಲು, ಗುಡ್ಡದ ಕುರುಚಲು, ಹೊಲದ ಕೂಳೆ ಇವೆಲ್ಲವೂ ಒಣಗಿ, ಒಂದು ಬೀಡಿಯ ತುಂಡಿನಿಂದಲೇ ಹೊತ್ತಿಕೊಳ್ಳುವ ಸ್ಥಿತಿಯಲ್ಲಿರುತ್ತವೆ.

ಹಳೆಯ ಹುಲ್ಲನ್ನು ಸುಟ್ಟರೆ ಹೊಸ ಚಿಗುರು ಬೇಗ ಬರುವುದೆಂಬ ನಂಬಿಕೆ ದನಕಾಯುವವರಲ್ಲಿ ಉಂಟು. ಈ ಸೀಮೆಯಲ್ಲಾದರೋ ಮುಖ್ಯವಾದ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಫಾಲ್ಗುಣದಲ್ಲಿ ಸುಟ್ಟ ನೆಲವು ಅದುವರೆಗೆ ಚೆನ್ನಾಗಿ ಚಿಗುರದೆ ಬರಿದಾಗಿದ್ದು, ಆಷಾಢದ ಬಿರುಗಾಳಿಗೆ ಮೇಲ್ಮಣ್ಣನ್ನೂ ಕಳೆದುಕೊಳ್ಳುತ್ತದೆ. ಇದ್ದ ಒಣಮೇವೂ ಹೋಗಿ, ಬರಬೇಕಾದ ಹಸಿಮೇವೂ ತಡವಾಗುತ್ತದೆ.

ಇಲ್ಲಿಯ ಕಾವಲುಗಳು ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ರಾಸುಗಳಿಗಾಗಿ ಮೀಸಲಾಗಿದ್ದವು. 2008ರ ತರುವಾಯ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಭೂಮಿಯು ಸಂಶೋಧನಾ ಸಂಸ್ಥೆಗಳಿಗೆ ಸಂದಿತು. ಆದಕಾರಣ ಉಳಿದ ಹುಲ್ಲುಗಾವಲೇ ಕುರಿಗಳಿಗೂ, ಮ್ಯಾಸಬೇಡರ ದೇವರೆತ್ತುಗಳಿಗೂ ಆಧಾರವಾಗಿದೆ. ಅದು ಸುಟ್ಟುಹೋದ ವರ್ಷ ರೈತನು ದನಗಳನ್ನು ಅರ್ಧ ಬೆಲೆಗೆ ಮಾರಬೇಕಾಗಿ ಬರುವುದು.

ಗ್ರಾಮದ ಮುಖಂಡರೂ ಜಮೀನುದಾರರೂ ಗಮನಿಸತಕ್ಕ ಅಂಶಗಳು:

(1) ಪುಷ್ಯಮಾಸದೊಳಗೆ ಕಾವಲಿನ ಅಂಚು, ಬಂಡಿದಾರಿ, ಹೊಲದ ಬದುಗಳ ಉದ್ದಕ್ಕೂ ಹುಲ್ಲನ್ನು ಹೆರೆದು, ಬರಿಯ ಮಣ್ಣು ಕಾಣುವಂತೆ ಅಗಲವಾದ ಬೆಂಕಿರೇಖೆಯನ್ನು ಮಾಡಿಸತಕ್ಕದ್ದು. ಹೆರೆದ ಹುಲ್ಲು ಮೇವಿಗಾಗುತ್ತದೆ.

(2) ಶೇಂಗಾ ಬಳ್ಳಿಯ ಬಣವೆಗಳನ್ನು ಒಂದೇ ಕಡೆ ಒತ್ತಾಗಿ ಒಟ್ಟದೆ, ವಿದ್ಯುತ್ ತಂತಿಯ ಕೆಳಗೂ ಇಡದೆ, ಬೇರೆ ಬೇರೆಯಾಗಿ ಇಡತಕ್ಕದ್ದು.

(3) ಕೂಳೆ, ಕಸಕಡ್ಡಿಗಳನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕಿದರೆ ನೆಲಕ್ಕೆ ಸಾರವಾಗುತ್ತದೆ.

(4) ಕುರಿಗಾಹಿಗಳು ಅಡಿಗೆಯ ಒಲೆಯನ್ನು ನೀರು ಇಲ್ಲವೆ ಮಣ್ಣಿನಿಂದ ಪೂರ್ಣವಾಗಿ ಆರಿಸಿದ ಮೇಲೆಯೇ ಸ್ಥಳವನ್ನು ಬಿಡುವಂತೆ ತಿಳಿಯಹೇಳತಕ್ಕದ್ದು.

(5) ಬೆಂಕಿ ಕಂಡೊಡನೆ 112ಕ್ಕೆ ದೂರವಾಣಿ ಮಾಡಿ, ಅರಣ್ಯ ಸಿಬ್ಬಂದಿಗೂ ತಿಳಿಸತಕ್ಕದ್ದು. ಚಿಕ್ಕ ಬೆಂಕಿಯನ್ನು ಹಸಿಸೊಪ್ಪಿನ ಕೊಂಬೆಗಳಿಂದ ಬಡಿದು ಆರಿಸಬಹುದು. ಆದರೆ ಗಾಳಿ ಬೀಸುವ ದಿಕ್ಕಿನಲ್ಲಿ ಜ್ವಾಲೆಯ ಮುಂದೆಯಾಗಲಿ, ಉರಿಯುವ ಇಳಿಜಾರಿನ ಮೇಲ್ಗಡೆಯಾಗಲಿ ಯಾರೂ ನಿಲ್ಲಕೂಡದು; ಬೆಂಕಿಯು ಅಲ್ಲಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ.

ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಮೇರೆಗೆ ಶಿಕ್ಷಾರ್ಹ ಅಪರಾಧ. ಆದರೂ ಶಿಕ್ಷೆಯಿಂದ ಸುಟ್ಟ ಹುಲ್ಲು ಮರಳಿ ಬಾರದು. ಚಳಿಗಾಲದಲ್ಲಿ ಊರಿನವರು ಒಟ್ಟಾಗಿ ಎರಡು ದಿವಸ ದುಡಿದು ಬೆಂಕಿರೇಖೆ ತೆಗೆದರೆ, ಬೇಸಗೆಯಲ್ಲಿ ಕೊಟ್ಟಿಗೆಯ ರಾಸುಗಳಿಗೆ ಮೇವು ಉಳಿಯುವುದು.