ಮೂರು ಕಂಬಿಗಳ ಪುಟ್ಟ ರೈಲು

ರೈಲಿನ ಕಿರುಮಾದರಿಗಳನ್ನು ನಿರ್ಮಿಸುವುದು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಬೆಳೆದುಬಂದ ಹವ್ಯಾಸ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರು 1920ರಲ್ಲಿ ಕೀಲಿ ಕೊಟ್ಟರೆ ಓಡುವ ಆಟದ ರೈಲನ್ನು ಹೊರತಂದರು. ಅವರು ಸ್ಥಾಪಿಸಿದ ಸಂಸ್ಥೆಯು 1938ರಲ್ಲಿ ‘ಹಾರ್ನ್‌ಬಿ ಡಬ್ಲೋ’ ಎಂಬ ಇನ್ನೂ ಚಿಕ್ಕ ರೈಲನ್ನು ತಯಾರಿಸಿತು. ಅದರ ಹಳಿಯ ಅಗಲ 16.5 ಮಿಲಿಮೀಟರು ಮಾತ್ರ.

ಈ ವಿದ್ಯುತ್ ರೈಲಿಗೆ ಮೂರು ಕಂಬಿಗಳು. ನಡುಗಂಬಿಯಿಂದ ಎಂಜಿನ್ನಿಗೆ ಏರಿದ ವಿದ್ಯುತ್ತು ಗಾಲಿಗಳ ಮೂಲಕ ಹೊರಗಂಬಿಗಳಿಗೆ ಇಳಿದು ಹಿಂದಿರುಗುತ್ತಿತ್ತು. 1959ರಲ್ಲಿ ಅದೇ ಸಂಸ್ಥೆ ಎರಡೇ ಕಂಬಿಗಳ ಹಳಿಯನ್ನು ತಂದಿತು. ಇಲ್ಲಿ ಒಂದು ಕಂಬಿಯಿಂದ ಬಂದ ವಿದ್ಯುತ್ತು ಇನ್ನೊಂದರಿಂದ ಮರಳಬೇಕು. ಹಳೆಯ ಎಂಜಿನ್ನನ್ನು ಇದರ ಮೇಲಿಟ್ಟರೆ ಅದರ ಲೋಹದ ಗಾಲಿಗಳೂ ಅಚ್ಚೂ ಎರಡು ಕಂಬಿಗಳನ್ನು ಕೂಡಿಸಿಬಿಡುತ್ತವೆ, ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ, ಎಂಜಿನ್ನು ಓಡುವುದಿಲ್ಲ.

ಆದುದರಿಂದ ಹಳೆಯ ಮಾರ್ಗವನ್ನು ಮರಳಿ ಕಟ್ಟುವವರು ಎಂಜಿನ್ನು, ಹಳಿ, ಬೋಗಿ, ನಿಲ್ದಾಣಗಳೆಲ್ಲವನ್ನೂ ಒಂದೇ ಕಾಲದಿಂದ ಆಯ್ದುಕೊಳ್ಳುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಈ ನಿಯಮ ಸಡಿಲವಾಗಬೇಕು. ವಿದ್ಯುತ್ ತಂತಿಯ ಹೊದಿಕೆ ಜೀರ್ಣವಾಗಿದ್ದರೆ ಅದನ್ನು ಬದಲಿಸಲೇಬೇಕು. ಪ್ರಾಚೀನತೆಗಿಂತ ಪ್ರಾಣ ದೊಡ್ಡದು.

ಹೀಗೆ ಶ್ರದ್ಧೆಯಿಂದ ಹೊಂದಿಸಿದ ರೈಲು ಓಡತೊಡಗಿದಾಗ, ಅಂದಿನ ಕುಶಲಕರ್ಮಿಗಳು ತಮ್ಮ ತೊಡಕುಗಳನ್ನು ಹೇಗೆ ಬಿಡಿಸಿಕೊಂಡರೆಂಬುದು ನಮ್ಮ ಕಣ್ಣೆದುರಿಗೇ ತೆರೆದುಕೊಳ್ಳುತ್ತದೆ. ಗ್ರಂಥಗಳಲ್ಲಿ ಓದುವ ಚರಿತ್ರೆಯನ್ನು ಅಲ್ಲಿ ಕೈಯಿಂದಲೇ ಮುಟ್ಟಬಹುದು.